ಅವ್ವನ ಕೈಯಲ್ಲಿ ರಿಮೋಟು, ನಮ್ಮ ಕೈಯಲ್ಲಿ ಮೂರು ಸಾಲು

(ಬಳ್ಳಾರಿಯ ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ಆಡಿದ ಮಾತು ಇದು. ಅವತ್ತು ಫ್ಯಾನಿನ ಸದ್ದು ಜಾಸ್ತಿ ಇತ್ತು, ಮೈಕಿನ ಸದ್ದು ಕಡಿಮೆ ಇತ್ತು. ಹಿಂದೆ ಕೂತವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ. ಅವರಿಗೋಸ್ಕರ ಕೂತು ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿನ್ನ ಕೆಲಸ ಏನಮ್ಮಾ ಅಂತ ಯಾರಾದರೂ ಕೇಳಿದರೆ ನನಗೆ ಹೇಳೋದು ಕಷ್ಟ. ನೀವು ಟಿವಿಯಲ್ಲೋ ಮೊಬೈಲಿನಲ್ಲೋ ಸಿನಿಮಾ ಹುಡುಕುತ್ತೀರಿ. ಒಂದು ಪೋಸ್ಟರಿನ ಮೇಲೆ ನಿಂತರೆ ಅದರ ಕೆಳಗೆ ಎರಡು ಮೂರು ಸಾಲು ಬರುತ್ತದೆ. ‘ಹಳ್ಳಿಗೆ ಬಂದ ಹೊಸ ಮೇಷ್ಟ್ರಿಗೆ’ ಅಂತ ಏನೋ ಶುರುವಾಗುತ್ತದೆ. ಅದನ್ನು ಎಲ್ಲೋ ಯಾರೋ ಕೂತು ಬರೆದಿರುತ್ತಾರೆ. ಆ ಯಾರೋ ಅನ್ನುವವರಲ್ಲಿ ನಾನೂ ಒಬ್ಬಳು. ಸಿನಿಮಾ ಮುಗಿದ ಮೇಲೆ ಸೆಟ್ಟಿನಲ್ಲಿ ಟೀ ಕೊಟ್ಟ ಹುಡುಗನ ಹೆಸರೂ ಬರುತ್ತದೆ, ನಮ್ಮದು ಬರಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ. ಬೈಯಬೇಕು ಅಂದುಕೊಂಡವರ ಕೈಗೂ ನಾವು ಸಿಗಲ್ಲ.

ನಾನು ಸಿಕ್ಕಿಬಿದ್ದದ್ದು ಒಂದೇ ಸಲ. ಅದೂ ನಮ್ಮ ಮನೆಯಲ್ಲೇ.

ಕೆಲಸ ಹಿಡಿದ ಹೊಸತು. ಒಂದು ಕಂಪನಿಯವರು ಪಟ್ಟಿ ಕಳಿಸುತ್ತಿದ್ದರು, ದಿನಕ್ಕೆ 20 ಸಿನಿಮಾ. ಒಂದೊಂದಕ್ಕೆ ಇಷ್ಟಿಷ್ಟು ಅಂತ ದುಡ್ಡು. ಸಿನಿಮಾ ನೋಡೋಕೆ ಲಿಂಕ್ ಕೊಡುತ್ತಿರಲಿಲ್ಲ. ಕೊಟ್ಟಿದ್ದರೂ ದಿನಕ್ಕೆ 20 ಸಿನಿಮಾ ಯಾರು ನೋಡೋಕಾಗುತ್ತೆ ಹೇಳಿ. ಟ್ರೇಲರ್ ನೋಡು, ಪತ್ರಿಕೆಗೆ ಕೊಟ್ಟ ಟಿಪ್ಪಣಿ ಓದು, ಬರೆದು ಹಾಕು. ಅದರಲ್ಲಿ ಒಂದು ಸಣ್ಣ ಕನ್ನಡ ಸಿನಿಮಾ ಇತ್ತು. ಟ್ರೇಲರಿನಲ್ಲಿ ಕೆರೆ ದಂಡೆ, ಓಡುವ ಮಕ್ಕಳು, ಒಂದು ಮೇಕೆ ಮರಿ, ಕಿವಿ ಹಿಂಡುವ ಮೇಷ್ಟ್ರು. ನಾನು ಬರೆದೆ: ‘ಹಳ್ಳಿ ಮಕ್ಕಳ ತುಂಟಾಟ, ಗೆಳೆತನದ ಮುದ್ದಾದ ಕಥೆ. ಇಡೀ ಕುಟುಂಬ ಕೂತು ನೋಡಬಹುದಾದ ಚಿತ್ರ.’ ಎರಡು ನಿಮಿಷ ಹಿಡಿಯಿತು.

ತಿಂಗಳಾದ ಮೇಲೆ ಒಂದು ಭಾನುವಾರ. ಅವ್ವ ಮತ್ತು ನನ್ನ ಮಗಳು ಒಗ್ಗರಣೆ ಮಂಡಕ್ಕಿ ತಟ್ಟೆ ನಡುವೆ ಇಟ್ಟುಕೊಂಡು ಟಿವಿ ಮುಂದೆ ಕೂತಿದ್ದರು. ‘ಇದು ನಾನು ಬರೆದದ್ದು ನೋಡವ್ವ’ ಅಂತ ಜಂಬದಿಂದ ಅದೇ ಸಿನಿಮಾ ಹಾಕಿಕೊಟ್ಟೆ. ಮಿರ್ಚಿ ಕರಿಯೋಕೆ ಒಳಗೆ ಹೋದೆ. ಮುಕ್ಕಾಲು ಗಂಟೆ ಆಗಿರಬೇಕು, ಹೊರಗೆ ಇದ್ದಕ್ಕಿದ್ದಂತೆ ಸದ್ದೇ ಇಲ್ಲ. ಬಂದು ನೋಡಿದರೆ ಟಿವಿ ಆಫ್ ಆಗಿದೆ. ಮಗಳು ಅಜ್ಜಿಯ ತೊಡೆಯಲ್ಲಿ ಮುಖ ಇಟ್ಟು ಬಿಕ್ಕುತ್ತಿದ್ದಾಳೆ. ಆ ಸಿನಿಮಾದಲ್ಲಿ ಎಲ್ಲರಿಗಿಂತ ಸಣ್ಣ ಹುಡುಗ ಮುಚ್ಚದೆ ಬಿಟ್ಟ ಬೋರ್‌ವೆಲ್ಲಿನೊಳಗೆ ಬೀಳುತ್ತಾನೆ. ಉಳಿದ ಸಿನಿಮಾ ಅಂದರೆ ಆ ಒಂದು ರಾತ್ರಿ. ಆಮೇಲೆ ನಾನು ಪೂರ್ತಿ ನೋಡಿದೆ. ತುಂಬ ಒಳ್ಳೆಯ ಸಿನಿಮಾ. ಆದರೆ ಭಾನುವಾರ ಮಧ್ಯಾಹ್ನ ಆರು ವರ್ಷದ ಮಗುವಿನ ಜೊತೆ ಮಂಡಕ್ಕಿ ತಿನ್ನುತ್ತಾ ನೋಡುವ ಸಿನಿಮಾ ಅಲ್ಲ.

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೇಳಿದಳು, ‘ನೀ ಈ ಸಿನ್ಮಾ ನೋಡಿದ್ದೇನು?’

‘ಇಲ್ಲವ್ವ.’

‘ನೋಡಲಾರದ ಹೆಂಗ ಬರದಿ?’

ಇವತ್ತು ನಾನು ಹೇಳಬೇಕಾದದ್ದು ನಿಜವಾಗಿ ಇಷ್ಟೇ. ನೋಡದೆ ಬರೆಯಬೇಡಿ. ಉಳಿದದ್ದೆಲ್ಲ ಅದರ ಬಾಲ. ಆದರೆ ನಿಮ್ಮ ಮೇಷ್ಟ್ರು ಒಂದು ಗಂಟೆ ಕೊಟ್ಟಿದ್ದಾರೆ, ಅದಕ್ಕೆ ಬಾಲವನ್ನೂ ಹೇಳುತ್ತೇನೆ.

ಇದು ಮೊಬೈಲು ಬಂದ ಮೇಲೆ ಹುಟ್ಟಿದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಹಳೆಯ ಸಿನಿಮಾಗಳ ಹಾಡಿನ ಪುಸ್ತಕ ಸಿಗುವವರೆಗೆ. ಟಾಕೀಸಿನ ಗೇಟಿನ ಹತ್ತಿರ ಮಾರುತ್ತಿದ್ದ ತೆಳ್ಳನೆಯ ಪುಸ್ತಕ, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ತಾರಾಗಣ ಒಂದು ಕಡೆ, ಹಾಡುಗಳು ಒಂದು ಕಡೆ, ಜೊತೆಗೆ ಒಂದು ‘ಕಥಾಸಾರ’. ಓದುತ್ತಾ ಹೋದರೆ ನಾಯಕನ ಅಪ್ಪ ಸಾಯುತ್ತಾನೆ, ತಂಗಿ ಕಾಣೆಯಾಗುತ್ತಾಳೆ, ಸಾಹುಕಾರ ಹೊಲ ಬರೆಸಿಕೊಳ್ಳುತ್ತಾನೆ. ಇನ್ನೇನು ಎಲ್ಲ ಗೊತ್ತಾಗಿಬಿಟ್ಟಿತು ಅನ್ನುವಾಗ ಕೊನೆಯ ಸಾಲು ಬರುತ್ತದೆ: ಮುಂದೇನಾಯಿತು, ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ. ಈಗಿನ ಲೆಕ್ಕದಲ್ಲಿ ಅವರು ಹೇಳಿದ್ದು ಜಾಸ್ತಿಯೇ ಆಯಿತು. ಆದರೆ ಒಂದು ವಿಷಯ ಮರೆಯಬಾರದು. ಆ ಪುಸ್ತಕವನ್ನು ಸಿನಿಮಾ ನೋಡಿ ಹೊರಗೆ ಬಂದವರೂ ಹಾಡಿಗಾಗಿ ಕೊಳ್ಳುತ್ತಿದ್ದರು. ಅವರಿಂದ ಮುಚ್ಚಿಡುವುದು ಏನಿದೆ?

ಇನ್ನೂ ಹಿಂದಕ್ಕೆ ಹೋಗಿ. ಕುಮಾರವ್ಯಾಸನನ್ನು ಪಾಠದಲ್ಲಿ ಓದಿದ್ದೀರಿ, ಅಲ್ವಾ? ಪ್ರತಿ ಸಂಧಿಯ ನೆತ್ತಿಯ ಮೇಲೆ ‘ಸೂಚನೆ’ ಅಂತ ಒಂದು ಪದ್ಯ ಇರುತ್ತದೆ. ಷಟ್ಪದಿಗೆ ಆರು ಸಾಲು, ಸೂಚನೆಗೆ ಅದರ ಅರ್ಧ, ಮೂರೇ ಸಾಲು. ಈ ಸಂಧಿಯಲ್ಲಿ ಏನು ನಡೆಯುತ್ತದೆ, ಯಾರು ಗೆಲ್ಲುತ್ತಾರೆ, ಯಾರು ಬೀಳುತ್ತಾರೆ, ಅಲ್ಲೇ ಬಿಚ್ಚಿ ಹೇಳಿಬಿಡುತ್ತದೆ. ಕಾವ್ಯ ಹಾಡಿ ಕೇಳಿಸುತ್ತಿದ್ದ ಗಮಕಿ ಜೋಳದರಾಶಿ ದೊಡ್ಡನಗೌಡರ ಸೀಮೆ ನಮ್ಮದು. ಇಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಅಭಿಮನ್ಯು ಸಾಯುತ್ತಾನೆ ಅಂತ ಕೇಳೋಕೆ ಬಂದ ಎಲ್ಲರಿಗೂ ಗೊತ್ತು. ಹೇಗೆ ಸಾಯುತ್ತಾನೆ, ಅದನ್ನು ಹೇಗೆ ಹಾಡುತ್ತಾರೆ ಅನ್ನೋದಕ್ಕೆ ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಅಂಥ ಕಡೆ ಮೊದಲೇ ಹೇಳಿದರೆ ನಷ್ಟವಿಲ್ಲ. ಪುರಾಣದ ಸಿನಿಮಾಗೆ ಇವತ್ತೂ ಹಾಗೇ ಬರೆಯಬಹುದು. ಕೊಲೆ ಮಾಡಿದವನು ಯಾರು ಅನ್ನುವ ಸಿನಿಮಾಗೆ ಹಾಗೆ ಬರೆದರೆ ಬೆನ್ನಿಗೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಬಯಲಾಟದ ಸಾರಥಿ. ದೊಡ್ಡಾಟ ನೋಡಿದವರು ಕೈ ಎತ್ತಿ. ಪರವಾಗಿಲ್ಲ, ನಾಲ್ಕೈದು ಜನ ಇದ್ದೀರಿ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರ ಧಿಮಿಧಿಮಿ ಅಂತ ಕುಣಿಯುತ್ತಾ ರಂಗಕ್ಕೆ ಬರುತ್ತದೆ. ಸಾರಥಿ ಸುಮ್ನೆ ಬಿಡಲ್ಲ, ತಡೆದು ಕೇಳುತ್ತಾನೆ. ತಾವು ಯಾರು? ಯಾವ ಊರಿನವರು? ಈ ಸಭೆಗೆ ಬಂದ ಕಾರಣ ಏನು? ಪಾತ್ರ ತನ್ನ ಬಾಯಿಂದಲೇ ಹೇಳಬೇಕು. ಅಲ್ಲಿಗೆ ಊರ ತುದಿಯಲ್ಲಿ ನಿದ್ದೆಗಣ್ಣಲ್ಲಿ ಕೂತ ಮುದುಕನಿಗೂ ಇದು ಯಾರ ಕಥೆ, ಯಾತರ ಜಗಳ ಅಂತ ತಿಳಿಯುತ್ತದೆ. ಆಟದ ಕೊನೆ ಏನಾಗುತ್ತದೆ ಅಂತ ಸಾರಥಿ ಕೇಳಲ್ಲ. ನೀನು ಎಷ್ಟು ಚೆನ್ನಾಗಿ ಕುಣಿಯುತ್ತೀಯ ಅಂತಲೂ ಕೇಳಲ್ಲ. ನಾನು ಸಿನಿಮಾ ನೋಡಿ ಮುಗಿಸಿ ಬರೆಯಲು ಕೂತಾಗ ಮೊದಲು ಈ ಮೂರು ಪ್ರಶ್ನೆಗೆ ಉತ್ತರ ಗೀಚಿಕೊಳ್ಳುತ್ತೇನೆ. ಯಾರು, ಎಲ್ಲಿ, ಯಾಕೆ.

ಮಾಡಿ ತೋರಿಸುತ್ತೇನೆ. ಒಂದು ಸಿನಿಮಾ ಕಲ್ಪಿಸಿಕೊಳ್ಳೋಣ. ಇಂಥ ಸಿನಿಮಾ ಇಲ್ಲ, ನಾನೇ ಕಟ್ಟಿದ್ದು. ನಮ್ಮ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕ. ಅಲ್ಲಿ ರತ್ನಮ್ಮ ಅಂತ ಟೈಲರ್, ಗಂಡ ಇಲ್ಲ. ಜೈಲಿಗೆ ಹೋಗಿ ಬಂದ ತಮ್ಮನನ್ನು ಮಾಲೀಕನ ಕೈಕಾಲು ಹಿಡಿದು ಅಲ್ಲೇ ಇಸ್ತ್ರಿ ಕೆಲಸಕ್ಕೆ ಸೇರಿಸಿರುತ್ತಾಳೆ. ಹಬ್ಬದ ಮುಂಚೆ ಕಳಿಸಬೇಕಾಗಿದ್ದ 200 ಪ್ಯಾಂಟು ಒಂದು ರಾತ್ರಿ ಕಾಣೆ. ಎಲ್ಲರ ಕಣ್ಣೂ ತಮ್ಮನ ಮೇಲೆ. ಮಾಲೀಕ ಹೇಳುತ್ತಾನೆ, ಮೂರು ದಿನ ಟೈಮ್, ಮಾಲು ತಂದುಕೊಡು, ಇಲ್ಲ ತಮ್ಮನನ್ನು ನೀನೇ ಸ್ಟೇಷನ್ನಿಗೆ ಕರೆದುಕೊಂಡು ಹೋಗು. ಇಂಟರ್‌ವಲ್ ಹೊತ್ತಿಗೆ ತಮ್ಮ ಓಡಿಹೋಗುತ್ತಾನೆ. ಕೊನೆಗೆ ನೋಡಿದರೆ ಮಾಲು ಸಾಗಿಸಿದವನು ಮಾಲೀಕನ ಸ್ವಂತ ಮಗ.

ಇದಕ್ಕೆ ಸಾಮಾನ್ಯವಾಗಿ ಬರುವ ಮೊದಲ ಬರಹ ಹೀಗಿರುತ್ತದೆ:

‘ಪ್ರೀತಿ, ದ್ರೋಹ ಮತ್ತು ವಿಧಿಯಾಟದ ನಡುವೆ ಸಿಲುಕಿದ ಮಹಿಳೆಯೊಬ್ಬಳ ಮನಮಿಡಿಯುವ ಪಯಣ.’

ಓದೋಕೆ ಏನೂ ತೊಂದರೆ ಇಲ್ಲ. ಈಗ ಇದನ್ನು ಕಿತ್ತು ಬೇರೆ ಸಿನಿಮಾಗೆ ಅಂಟಿಸಿ ನೋಡಿ. ಅಂಟಿಕೊಳ್ಳುತ್ತದೆ. ಇನ್ನೊಂದಕ್ಕೆ ಅಂಟಿಸಿ. ಅಲ್ಲಿಗೂ ಸರಿಹೋಗುತ್ತದೆ. ಸಂಜೆ ಏಳಕ್ಕೆ ಬರುವ ಧಾರಾವಾಹಿಗೂ ಆಗುತ್ತದೆ. ಎಲ್ಲ ಡಬ್ಬಿಗೂ ಕೂರುವ ಮುಚ್ಚಳ ಇದು. ರತ್ನಮ್ಮ ಎಲ್ಲಿ ಹೋದಳು? ಹೊಲಿಗೆ ಮಷಿನ್ ಎಲ್ಲಿ ಹೋಯಿತು? ‘ಮನಮಿಡಿಯುವ’ ಅಂತ ನಾನು ಹೇಳಿದ ಮಾತ್ರಕ್ಕೆ ಯಾರ ಮನಸ್ಸೂ ಮಿಡಿಯಲ್ಲ. ಇನ್ನು ‘ಪಯಣ’ ಅನ್ನುವ ಪದ. ಅದನ್ನು ಕಂಡರೆ ನನಗೆ ಅಲರ್ಜಿ. ಬಸ್ಸು, ರೈಲು ಹತ್ತದ ಯಾರಿಗೂ ನಾನು ಆ ಪದ ಕೊಡಲ್ಲ.

ಎರಡನೆಯದು ಉತ್ಸಾಹ ಜಾಸ್ತಿ ಆದವರದ್ದು:

‘ಜೀನ್ಸ್ ಘಟಕದಲ್ಲಿ ಕಳವಾದಾಗ ರತ್ನಮ್ಮನ ತಮ್ಮನ ಮೇಲೆ ಅನುಮಾನ ಬರುತ್ತದೆ. ಅವನು ಓಡಿಹೋಗುತ್ತಾನೆ. ಆದರೆ ನಿಜವಾದ ಕಳ್ಳ ತುಂಬ ಹತ್ತಿರದವನೇ.’

‘ಹತ್ತಿರದವನೇ’ ಅಂತ ಅಂದ ಮೇಲೆ ಉಳಿದದ್ದೇನು? ನಮ್ಮ ಜನ ಸಿನಿಮಾ ನೋಡುವುದರಲ್ಲಿ ಪಳಗಿದವರು. ಮಾಲೀಕನ ಮಗ ಮೊದಲ ಸಲ ಬೈಕಿನಲ್ಲಿ ಬಂದು ಇಳಿದಾಗಲೇ ‘ಇವನೇ’ ಅಂತ ಹಿಡಿದುಬಿಡುತ್ತಾರೆ. ನನ್ನ ಅಳತೆ ಇಷ್ಟು: ಮೊದಲ ಅರ್ಧ ಗಂಟೆಯಲ್ಲಿ ಗೊತ್ತಾಗುವುದನ್ನು ಹೇಳಬಹುದು. ಇಂಟರ್‌ವಲ್‌ನ ಬಾಗಿಲು ಮುಟ್ಟಬಾರದು. ನಮ್ಮ ಕಡೆಯ ಸಿನಿಮಾಗಳಲ್ಲಿ ದೊಡ್ಡ ತಿರುವನ್ನು ಇಂಟರ್‌ವಲ್‌ಗೆ ಅಂತಲೇ ಕಾದಿಟ್ಟಿರುತ್ತಾರೆ. ಅದನ್ನು ಮೂರು ಸಾಲಿನಲ್ಲಿ ಒಡೆಯುವುದು ಬೇರೆಯವರ ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಹೋಳಿಗೆ ಮುರಿದು ತಿಂದ ಹಾಗೆ.

ಮೂರನೆಯದನ್ನು ನಾನೇ ಬರೆದೆ ಅಂದುಕೊಳ್ಳಿ. ಸಿನಿಮಾ ನೋಡಿದ್ದೇನೆ, ಗುಟ್ಟು ಬಿಟ್ಟುಕೊಟ್ಟಿಲ್ಲ, ಎಲ್ಲ ವಿಷಯ ಇದೆ:

‘ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವ, ಗಂಡನನ್ನು ಕಳೆದುಕೊಂಡ ರತ್ನಮ್ಮ, ಜೈಲಿನಿಂದ ಬಿಡುಗಡೆಯಾಗಿ ಬಂದ ತನ್ನ ತಮ್ಮನ ಮೇಲೆ ಬಂದ ಕಳವಿನ ಅನುಮಾನವನ್ನು ಮೂರು ದಿನದೊಳಗೆ ಸುಳ್ಳೆಂದು ಸಾಬೀತುಪಡಿಸಲು ಹೋರಾಡುತ್ತಾಳೆ.’

ಇದರಲ್ಲಿ ತಪ್ಪಿಲ್ಲ. ಆದರೆ ಟಿವಿ ಇದನ್ನು ಪೂರ್ತಿ ತೋರಿಸಲ್ಲ. ಎರಡು ಸಾಲು ತೋರಿಸಿ ಮೂರು ಚುಕ್ಕಿ ಹಾಕಿಬಿಡುತ್ತದೆ. ಅವ್ವನಿಗೆ ಕಾಣುವುದು ‘ಗಂಡನನ್ನು ಕಳೆದುಕೊಂಡ ರತ್ನಮ್ಮ, ಜೈಲಿನಿಂದ ಬಿಡುಗಡೆಯಾಗಿ ಬಂದ ತನ್ನ ತಮ್ಮನ…’ ಇಲ್ಲಿಗೆ ಮುಗಿಯಿತು. ತಮ್ಮನ ಏನು? ತಮ್ಮನನ್ನು ಕೊಂದಳಾ, ಬಚ್ಚಿಟ್ಟಳಾ, ಮನೆಯಿಂದ ಓಡಿಸಿದಳಾ? ಇಂಗ್ಲಿಷಿನಲ್ಲಿ ಯಾರು ಏನು ಮಾಡಿದರು ಅನ್ನೋದು ವಾಕ್ಯದ ತಲೆಯಲ್ಲೇ ಬಂದುಬಿಡುತ್ತದೆ, ಬಾಲ ಕತ್ತರಿಸಿದರೂ ಅರ್ಥ ಉಳಿಯುತ್ತದೆ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಟಿವಿ ಕತ್ತರಿಸುವುದೂ ಅಲ್ಲೇ. ಈ ಕೆಲಸದಲ್ಲಿ ಕನ್ನಡದವರಿಗೆ ಇರುವ ದೊಡ್ಡ ತಲೆನೋವು ಇದು. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದವರಿಗೆ ಇದು ಹೊಳೆಯುವುದೇ ಇಲ್ಲ.

ಹಾಗಾಗಿ ವಾಕ್ಯ ಒಡೆಯಬೇಕು. ಕ್ರಿಯಾಪದಕ್ಕೆ ಕಾಯಬೇಕಾಗಿರದ ವಾಕ್ಯ ಬೇಕು. ನಮ್ಮಲ್ಲಿ ಅದಕ್ಕೆ ಕೊರತೆ ಇಲ್ಲ. ಮಾತಾಡುವಾಗ ‘ಊರ ತುಂಬ ಸಾಲ. ಮನೆಯಲ್ಲಿ ಮೂರು ಹೆಣ್ಣು’ ಅಂತ ಹೇಳುತ್ತೇವೆ, ಕ್ರಿಯಾಪದ ಇಲ್ಲದೆಯೂ ಅರ್ಥ ಆಗುತ್ತದೆ. ಅದೇ ದಾರಿ ಹಿಡಿದು ನಾಲ್ಕನೆಯ ಸಲ ಬರೆದೆ:

‘ಜೈಲಿನಿಂದ ಬಂದ ತಮ್ಮನ ಮೇಲೆ ಕಳವಿನ ಅನುಮಾನ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುವ ರತ್ನಮ್ಮನಿಗೆ ಇರುವುದು ಮೂರೇ ದಿನ. ಮಾಲು ಹುಡುಕಬೇಕು, ಇಲ್ಲವೇ ತಮ್ಮನನ್ನು ಪೊಲೀಸರಿಗೆ ಒಪ್ಪಿಸಬೇಕು.’

20 ಪದ. ಮೊದಲ ವಾಕ್ಯದ ನಂತರ ಕತ್ತರಿಸಿದರೂ ಏನೋ ತಿಳಿಯುತ್ತದೆ, ಎರಡನೆಯದರ ನಂತರ ಕತ್ತರಿಸಿದರೆ ಇನ್ನಷ್ಟು. ಸಾರಥಿಯ ಮೂರೂ ಪ್ರಶ್ನೆಗೆ ಉತ್ತರ ಇದೆ. ಗಂಡ ಇಲ್ಲ ಅನ್ನೋದನ್ನು ಬಿಟ್ಟೆ. ಯಾಕೆ ಬಿಟ್ಟೆ ಅಂತ ನಿಮ್ಮಲ್ಲಿ ಒಬ್ಬಳು ಕೇಳಿದಳು. ಕಥೆ ನಡೆಯೋಕೆ ಅದು ಬೇಕಾಗಿಲ್ಲ. ಗಂಡಸು ಟೈಲರ್ ಆಗಿದ್ದರೆ ‘ಹೆಂಡತಿಯನ್ನು ಕಳೆದುಕೊಂಡ’ ಅಂತ ಯಾರೂ ಸೇರಿಸುತ್ತಿರಲಿಲ್ಲ.

ಇನ್ನೂ ಒಂದು ಬಾಕಿ ಇದೆ, ಸಿನಿಮಾದ ಧಾಟಿ. ಇದೇ ಕಥೆಯನ್ನು ನಿರ್ದೇಶಕರು ಹಾಸ್ಯವಾಗಿ ತೆಗೆದಿದ್ದರೆ? ಆಗ ನನ್ನ ನಾಲ್ಕನೆಯ ಬರಹವೂ ಸುಳ್ಳಾಗುತ್ತದೆ. ಒಂದೊಂದು ವಿಷಯವೂ ನಿಜ, ಒಟ್ಟು ಮಾತ್ರ ಸುಳ್ಳು. ಹಾಸ್ಯದ್ದಾದರೆ ನಾನು ಹೀಗೆ ಬರೆದೇನು: ‘ಜೀನ್ಸ್ ಘಟಕದಿಂದ 200 ಪ್ಯಾಂಟು ಮಾಯ. ಕದ್ದವರು ಯಾರೋ ಗೊತ್ತಿಲ್ಲ. ಆದರೆ ಕೌಲ್ ಬಜಾರಿನಲ್ಲಿ ನಿನ್ನೆಯಿಂದ ಎಲ್ಲರೂ ಹೊಸ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದ್ದಾರೆ.’ ನಗು ಬಂತಲ್ವಾ? ‘ಹೊಟ್ಟೆ ಹುಣ್ಣಾಗಿಸುವ ಹಾಸ್ಯ’ ಅಂತ ಬರೆಯಬೇಕಾಗಿಲ್ಲ.

ಅಕ್ಷರದ ಲೆಕ್ಕದ ಬಗ್ಗೆಯೂ ಹೇಳಬೇಕು. ಕಂಪನಿಯವರು ‘ಇಷ್ಟು ಅಕ್ಷರ ಮೀರಬಾರದು’ ಅಂತ ಮಿತಿ ಹಾಕುತ್ತಾರೆ. ಯಾವ ಅಕ್ಷರ? ‘ಸ್ತ್ರೀ’ ಅಂತ ಬರೆಯಿರಿ. ನನಗೂ ನಿಮಗೂ ಅದು ಒಂದೇ ಅಕ್ಷರ. ಕಂಪ್ಯೂಟರು ಅಕ್ಷರ ಗುರುತಿಸುವ ಯುನಿಕೋಡಿನಲ್ಲಿ ಅದು ಆರು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಈಕಾರದ ಗುರುತು. ‘ಬಳ್ಳಾರಿ’ ನಮಗೆ ಮೂರಕ್ಷರ, ಕಂಪ್ಯೂಟರಿಗೆ ಏಳು. ಬೈಟುಗಳಲ್ಲಿ ಎಣಿಸುವ ವ್ಯವಸ್ಥೆ ಆದರೆ ಅದನ್ನೂ ಮೂರರಿಂದ ಗುಣಿಸಿ, ಯಾಕೆಂದರೆ ಯುನಿಕೋಡ್ ಅಕ್ಷರ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟು. ಹೊಸಬರು ಬೆರಳು ಮಡಚಿ ಎಣಿಸಿ ‘ಮಿತಿಯೊಳಗೇ ಇದೆಯಲ್ಲ, ಯಾಕೆ ತಗೊಳ್ತಿಲ್ಲ’ ಅಂತ ಒದ್ದಾಡುತ್ತಾರೆ. ನಾನೂ ಒಂದು ವಾರ ಒದ್ದಾಡಿದ್ದೆ. ಇದರಿಂದ ಒಂದು ಲಾಭವೂ ಆಯಿತು. ಒತ್ತಕ್ಷರ ಜಾಸ್ತಿ ಇರುವ ಸಂಸ್ಕೃತ ಪದಗಳು ದುಬಾರಿ ಅಂತ ತಿಳಿಯಿತು. ‘ಸಂಘರ್ಷ’ ಹೋಗಿ ‘ಜಗಳ’ ಬಂತು, ‘ಪ್ರತೀಕಾರ’ ಹೋಗಿ ‘ಸೇಡು’ ಬಂತು.

ಈಗ ಅನುವಾದದ ಕಥೆಗೆ ಬರೋಣ. ಬಹಳಷ್ಟು ಕಡೆ ವಿವರಣೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಮನುಷ್ಯರೋ ಯಂತ್ರವೋ ಕನ್ನಡಕ್ಕೆ ತರುತ್ತಾರೆ. ಒಂದು ಸಲ ನನ್ನ ಹತ್ತಿರ ತಿದ್ದೋಕೆ ಬಂದದ್ದು: ‘ನಿವೃತ್ತಿಯ ಹಿಂದಿನ ದಿನ ಪೊಲೀಸ್ ಅಧಿಕಾರಿಯೊಬ್ಬ ಹಳೆಯ ಕೊಲೆಯ ಬೆನ್ನು ಹತ್ತುತ್ತಾನೆ.’ ಪೋಸ್ಟರ್ ತೆಗೆದು ನೋಡಿದರೆ ಖಾಕಿ ಹಾಕಿ ನಿಂತವಳು ಹೆಂಗಸು. ಇಂಗ್ಲಿಷ್ ವಾಕ್ಯದಲ್ಲಿ ಗಂಡು ಹೆಣ್ಣು ಗೊತ್ತಾಗುತ್ತಿರಲಿಲ್ಲ, ಕನ್ನಡದ ಕ್ರಿಯಾಪದ ಕೇಳದೆ ಬಿಡಲ್ಲ. ತಿಳಿಯದಿದ್ದಾಗ ಎಲ್ಲರೂ ಗಂಡಸು ಮಾಡಿಬಿಡುತ್ತಾರೆ.

ಇದಕ್ಕಿಂತ ಕೆಟ್ಟದ್ದು ‘ಕಸಿನ್’. ಒಂದು ಪ್ರೇಮಕಥೆ. ಹುಡುಗ ತನ್ನ ಕಸಿನ್‌ಳನ್ನು ಮದುವೆಯಾಗಬೇಕು ಅಂತ ಮನೆಯವರ ಆಸೆ, ಹುಡುಗಿಗೆ ಇಷ್ಟ ಇಲ್ಲ. ಯಾರೋ ಪುಣ್ಯಾತ್ಮರು ‘ಚಿಕ್ಕಪ್ಪನ ಮಗಳನ್ನು ಮದುವೆಯಾಗಲು’ ಅಂತ ಬರೆದಿದ್ದರು. ನಿಮಗೆ ನಗು ಬರುತ್ತದೆ. ನಮ್ಮ ಕಡೆ ಕಾಕಾನ ಮಗಳು ಅಂದರೆ ತಂಗಿ! ಅದನ್ನು ಓದಿದ ಮನೆಯಲ್ಲಿ ರಿಮೋಟು ಹಾರಿ ಬಿದ್ದಿರುತ್ತದೆ. ಸಿನಿಮಾದಲ್ಲಿ ಅವಳು ಸೋದರಮಾವನ ಮಗಳು, ಬಳ್ಳಾರಿ ರಾಯಚೂರು ಕಡೆ ದಿನಾ ನಡೆಯುವ ಸಂಬಂಧ. ಸಿನಿಮಾ ಹತ್ತು ನಿಮಿಷ ನೋಡಿದ್ದರೂ ‘ಮಾಮಾ’ ಅಂತ ಕರೆಯುವುದು ಕೇಳಿಸುತ್ತಿತ್ತು. ‘ಸೋದರಸಂಬಂಧಿ’ ಅಂತ ಬರೆದು ತಪ್ಪಿಸಿಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ಯಾರನ್ನಾದರೂ ‘ಬಾರೋ ಸೋದರಸಂಬಂಧಿ’ ಅಂತ ಕರೆದದ್ದು ಕೇಳಿದ್ದೀರಾ?

ಊರು, ಕಾಲ ತಪ್ಪಾಗುವುದು ಇನ್ನೊಂದು. ಕೊಪ್ಪಳದ ಕಡೆಯ ಹಳ್ಳಿ, 1948ರ ಬೇಸಿಗೆ, ರಜಾಕಾರರ ಹಾವಳಿ, ಇಂಥ ಹಿನ್ನೆಲೆಯ ಒಂದು ಕಥೆಗೆ ‘ಬ್ರಿಟಿಷರ ವಿರುದ್ಧ ಸಿಡಿದೆದ್ದ ಹಳ್ಳಿ’ ಅಂತ ಬರೆದದ್ದನ್ನು ನಾನೇ ತಿದ್ದಿದ್ದೇನೆ. ಬರೆದವರಿಗೆ ಸ್ವಾತಂತ್ರ್ಯ ಹೋರಾಟ ಅಂದರೆ ಬ್ರಿಟಿಷರು, ಅಷ್ಟೇ. ರಾಯಚೂರು, ಕೊಪ್ಪಳ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೇಶಕ್ಕೆ 1947ರ ಆಗಸ್ಟ್ 15 ಬಂದರೂ ಅವರಿಗೆ ಬಿಡುಗಡೆ ಆದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಾವು ಬಳ್ಳಾರಿಯವರು ಪಕ್ಕದಲ್ಲೇ ಇದ್ದರೂ ಮದ್ರಾಸ್ ಪ್ರಾಂತದಲ್ಲಿದ್ದೆವು, ಮೈಸೂರಿಗೆ ಸೇರಿದ್ದು 1953ರಲ್ಲಿ. ನಡುವೆ ತುಂಗಭದ್ರೆ, ಇಬ್ಬರದ್ದೂ ಬೇರೆ ಚರಿತ್ರೆ. ‘ಉತ್ತರ ಕರ್ನಾಟಕದ ಕುಗ್ರಾಮ’ ಅಂತ ಒಂದೇ ಚೀಲಕ್ಕೆ ತುಂಬಿದರೆ ನಮ್ಮವರಿಗೆ ಉರಿಯದೆ ಇರುತ್ತದಾ? ಅಂಜನಾದ್ರಿ ಬೆಟ್ಟ ತೋರಿಸಿ ‘ಹಂಪಿ’ ಅನ್ನುವುದೂ ಹಾಗೇ. ಹಂಪಿ ನದಿಯ ಈ ಕಡೆ, 2021ರಿಂದ ವಿಜಯನಗರ ಜಿಲ್ಲೆ. ಅಂಜನಾದ್ರಿ ಆ ಕಡೆ, ಕೊಪ್ಪಳ ಜಿಲ್ಲೆ.

ಹೆಸರು ಒಂದೇ ಇದ್ದರೆ ವರ್ಷ ಹಾಕಲೇಬೇಕು. ‘ನಾಗರಹಾವು’ ಅಂತ ಹುಡುಕಿ. 1972ರದ್ದು ಪುಟ್ಟಣ್ಣ ಕಣಗಾಲರದ್ದು, ಚಿತ್ರದುರ್ಗದ ಕೋಟೆ, ಮುಂಗೋಪಿ ರಾಮಾಚಾರಿ, ಅವನ ಮೇಷ್ಟ್ರು. 2002ರದ್ದು ಉಪೇಂದ್ರ ನಟಿಸಿದ ಸೇಡಿನ ಕಥೆ. 2016ರದ್ದು ಕೋಡಿ ರಾಮಕೃಷ್ಣ ಅವರದ್ದು, ಅದರಲ್ಲಿ ನಿಜವಾಗಿಯೂ ನಾಗ ಇದೆ. ನಟನ ಹೆಸರು ಹಾಕಿದರೆ ಗೊಂದಲ ತಪ್ಪುತ್ತದೆ ಅಂತೀರಾ? ವಿಷ್ಣುವರ್ಧನ್ ಮೊದಲನೆಯದರಲ್ಲಿ ನಾಯಕ. ಮೂರನೆಯದರಲ್ಲೂ ಇದ್ದಾರೆ, 2009ರಲ್ಲಿ ತೀರಿಕೊಂಡ ಮೇಲೂ, ಗ್ರಾಫಿಕ್ಸಿನಲ್ಲಿ. ರಾಮಾಚಾರಿಯನ್ನು ನೋಡಬೇಕು ಅಂತ ಕೂತವರಿಗೆ ಬುಸ್ ಅನ್ನುವ ನಾಗ ಬಂದರೆ ಹೇಗೆ?

ಡಬ್ಬಿಂಗ್ ಸಿನಿಮಾ ಆದರೆ ಮೂಲ ಯಾವ ಭಾಷೆ ಅಂತ ಹೇಳಿಬಿಡಿ. ಕನ್ನಡಕ್ಕೆ ಡಬ್ ಮಾಡುವುದಕ್ಕೆ ದಶಕಗಳ ಕಾಲ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲ ಅಂತ ಆದೇಶ ಕೊಟ್ಟ ಮೇಲೆ ದಾರಿ ತೆರೆಯಿತು. ನಮ್ಮ ಓಣಿಯಲ್ಲಿ ತೆಲುಗು ಬಾರದವರು ಹುಡುಕಿದರೂ ಸಿಗಲ್ಲ. ಅವರಿಗೆ ಮೂಲ ತೆಲುಗು ಅಂತ ತಿಳಿದರೆ ಮೂಲದಲ್ಲೇ ನೋಡುತ್ತಾರೆ.

ವಯಸ್ಸಿನ ದರ್ಜೆ ಹೇಗೂ ಇರುತ್ತದಲ್ಲ, ಬೋರ್‌ವೆಲ್ ಸಿನಿಮಾಗೂ ಇದ್ದಿರಬೇಕಲ್ಲ ಅಂತ ಯಾರೋ ಕೇಳಿದರು. ಇತ್ತು. 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮದ ಪ್ರಕಾರ ಆನ್‌ಲೈನ್ ಸಿನಿಮಾಗೆ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಐದು ದರ್ಜೆ. ಸಿನಿಮಾದಲ್ಲಿ ಎಂಥ ದೃಶ್ಯಗಳಿವೆ ಅಂತ ಶುರುವಿನಲ್ಲೇ ತೋರಿಸಬೇಕು. ಟಾಕೀಸಿನ ಯು/ಎ ಕೂಡ 2023ರ ತಿದ್ದುಪಡಿಯಲ್ಲಿ ಇದೇ ಮೂರು ವಯಸ್ಸಿಗೆ ಒಡೆಯಿತು. ಆದರೆ ಆ ಗುರುತು ಮೂಲೆಯಲ್ಲಿ ಸಣ್ಣಗೆ ಬಂದು ಹೋಗುತ್ತದೆ, ನಾನು ಬರೆದ ‘ಇಡೀ ಕುಟುಂಬ’ ಮಾತ್ರ ನಡುವೆ ದೊಡ್ಡದಾಗಿ ಕೂತಿತ್ತು. ಅವ್ವನ ಪ್ರಶ್ನೆಗೆ ದರ್ಜೆ ಉತ್ತರ ಕೊಡುವುದೂ ಇಲ್ಲ. ಅವಳಿಗೆ ಬೇಕಾದದ್ದು ಒಂದೇ: ‘ಮಗು ಸಾಯ್ತೈತೇನು? ಸಾಯೋದಿದ್ದರ ನಾ ನೋಡಲ್ಲ.’ ಗುಟ್ಟು ಒಡೆಯದೆ ಇದಕ್ಕೆ ಹೇಗೆ ಉತ್ತರ ಕೊಡುವುದು? ಆ ಸಿನಿಮಾಗೆ ನಾನು ಆಮೇಲೆ ಬರೆದು ಕಳಿಸಿದ್ದು ಇದು: ‘ಆಡುತ್ತಿದ್ದ ಹುಡುಗ ತೆರೆದ ಬೋರ್‌ವೆಲ್ಲಿಗೆ ಬೀಳುತ್ತಾನೆ. ಒಂದಿಡೀ ರಾತ್ರಿ ಊರೇ ಅದರ ಸುತ್ತ ನಿಲ್ಲುತ್ತದೆ.’ ಬದುಕಿದನಾ ಇಲ್ಲವಾ ಅಂತ ಹೇಳಿಲ್ಲ. ಮಂಡಕ್ಕಿ ತಟ್ಟೆ ಹಿಡಿದು ಯಾರೂ ಕೂರಲ್ಲ, ಅಷ್ಟು ಸಾಕು.

ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬ ಹುಡುಗ ಎದ್ದು ಕೇಳಿದ, ‘ಮೇಡಂ, ಸಿನಿಮಾನೇ ಚೆನ್ನಾಗಿಲ್ಲ ಅಂದ್ರೆ ಏನ್ ಬರೀಬೇಕು?’ ಎಲ್ಲರೂ ನಕ್ಕರು, ಆದರೆ ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ, ಈಗ ಸರಿಯಾಗಿ ಹೇಳುತ್ತೇನೆ. ಚೆನ್ನಾಗಿದೆಯೋ ಇಲ್ಲವೋ ಹೇಳುವುದು ವಿಮರ್ಶಕರ ಕೆಲಸ. ನಾನು ಬಾಗಿಲಲ್ಲಿ ನಿಂತು ಒಳಗೆ ಏನಿದೆ ಅಂತ ಹೇಳುವವಳು. ಕಥೆ ಎಳ್ಳಷ್ಟು, ಹೊಡೆದಾಟ ಹೊರೆಯಷ್ಟು ಇದ್ದರೆ ಹೊಡೆದಾಟದ ಬಗ್ಗೆ ಬರೆಯುತ್ತೇನೆ: ‘ಬಂದರಿನ ದೊರೆಯಾಗಲು ಮೂರು ಗುಂಪುಗಳ ಕಾದಾಟ. ಯಾರ ಕಡೆಯೂ ಇಲ್ಲದವನೊಬ್ಬ ಮೂವರನ್ನೂ ಬಡಿಯುತ್ತಾನೆ.’ ಬಡಿದಾಟ ಬೇಕಾದವರು ಖುಷಿಯಿಂದ ಬರುತ್ತಾರೆ, ಬೇಡದವರು ಬೇರೆ ಕಡೆ ಹೋಗುತ್ತಾರೆ. ಅದೇ ಸಿನಿಮಾಗೆ ‘ಭಾವನೆಗಳ ಮಹಾಪೂರ’ ಅಂತ ಬರೆದರೆ ಇಬ್ಬರೂ ಬೈಯುತ್ತಾರೆ.

ಕೊನೆಯ ಹತ್ತು ನಿಮಿಷ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದೆ. ತೀರಾ ಈಚೆಗೆ ನೋಡಿದ ಒಂದು ಸಿನಿಮಾಗೆ ಮೂರು ಸಾಲು ಬರೆಯಿರಿ, ಹೆಸರು ಹಾಕಬೇಡಿ, ಉಳಿದವರು ಯಾವ ಸಿನಿಮಾ ಅಂತ ಹೇಳಲಿ. ಎರಡನೇ ಸಾಲಿನ ಹುಡುಗಿ ಎದ್ದು ಓದಿದಳು: ಅಪ್ಪ ಅಡವಿಟ್ಟ ಹೊಲ, ಪಟ್ಟಣದಿಂದ ವಾಪಸ್ ಬಂದ ಮಗ, ಇನ್ನೆರಡು ವಾರದಲ್ಲಿ ಹರಾಜು. ನಾಲ್ಕು ಜನ ಒಟ್ಟಿಗೆ ಸಿನಿಮಾದ ಹೆಸರು ಕೂಗಿದರು. ಸರಿಯಾಗಿತ್ತು. ನಾನು ಶಹಬ್ಬಾಸ್ ಅನ್ನಬೇಕು, ಅಷ್ಟರಲ್ಲಿ ಅವಳ ಪಕ್ಕದಲ್ಲಿದ್ದವಳು, ‘ಹೊಲ ಅಡ ಇಟ್ಟಿದ್ದು ಅಪ್ಪ ಅಲ್ಲಲೇ, ಕಾಕಾ’ ಅಂದಳು.

‘ಅಪ್ಪ.’

‘ಕಾಕಾ. ಅಪ್ಪ ಸಹಿ ಅಷ್ಟೇ ಮಾಡಿದ್ದು.’

ವಂದನಾರ್ಪಣೆ ಶುರುವಾಗಿತ್ತು. ಇಬ್ಬರೂ ಬೆಂಚಿನ ಕೆಳಗೆ ಮೊಬೈಲ್ ತೆಗೆದು ಸಿನಿಮಾ ಹಾಕಿ, ಸದ್ದು ಆಫ್ ಮಾಡಿ, ಮುಂದಕ್ಕೆ ಓಡಿಸುತ್ತಾ ಹೋದರು. ನಾನು ಹಾರ ಹಾಕಿಸಿಕೊಂಡು ಇಳಿದು ಬರುವಾಗ ಮೊದಲನೆಯವಳು ತನ್ನ ಹಾಳೆಯಲ್ಲಿ ‘ಅಪ್ಪ’ ಹೊಡೆದುಹಾಕಿ ‘ಕಾಕಾ’ ಅಂತ ಬರೆಯುತ್ತಿದ್ದಳು.